ವೈದ್ಯರ ಸಂಘವೂ ಕಾರವಾರದ ರೋಗಿಯೂ

ಪ್ರತಿ ವರ್ಷ ಜುಲೈ 1ನೆಯ ತಾರೀಖನ್ನು ನಮ್ಮ ದೇಶದಲ್ಲಿ ವೈದ್ಯರ ದಿನವೆಂದು ಆಚರಿಸುವ ಪದ್ಧತಿಯು 1991ರಿಂದ ನಡೆದು ಬಂದಿದೆ. 1882ರಲ್ಲಿ ಇದೇ ದಿನ ಜನಿಸಿ, 1962ರಲ್ಲಿ ಇದೇ ದಿನ ದಿವಂಗತರಾದ ಡಾಕ್ಟರ ಬಿಧಾನಚಂದ್ರ ರಾಯರ ಸ್ಮರಣಾರ್ಥವಾಗಿ ಈ ದಿನವನ್ನು ಗೊತ್ತು ಮಾಡಿರುವರು. ಅಂದು ಊರೂರಿನ ವೈದ್ಯರು ಕೂಡುವರು. ಹಿರಿಯರಿಗೆ ಶಾಲು ಹೊದಿಸುವರು. ಸೇವೆ, ತ್ಯಾಗಗಳ ಕುರಿತು ಭಾಷಣಗಳಾಗುವವು. ಮರುದಿನ ಪತ್ರಿಕೆಗಳಲ್ಲಿ ಅದರ ವರ್ತಮಾನವೂ ಬರುವದು. ಇದರಲ್ಲಿ ತಪ್ಪೇನೂ ಇಲ್ಲ. ರಾತ್ರಿ ಎರಡು ಗಂಟೆಗೆ ಬಾಗಿಲು ತಟ್ಟಿದರೂ ಎದ್ದು ಬರುವ ವೈದ್ಯನಿಗೆ ವರ್ಷಕ್ಕೊಂದು ದಿನ ಕೈಮುಗಿಯುವದು ನ್ಯಾಯವೇ ಸರಿ. ಆದರೆ ಸಭೆಯು ಮುಗಿದ ಮೇಲೆ ಒಂದು ಪ್ರಶ್ನೆಯು ಉಳಿಯುತ್ತದೆ. ಇಷ್ಟು ದೊಡ್ಡದಾಗಿ ಬೆಳೆದ ಭಾರತೀಯ ವೈದ್ಯಕೀಯ ಸಂಘವು ಇರುವದು ಯಾರ ಸಲುವಾಗಿ? ಕೇವಲ ವೈದ್ಯರ ಸಲುವಾಗಿಯೇ, ಅಥವಾ ರೋಗಿಯ ಸಲುವಾಗಿಯೂ?

ಬೆಂಗಳೂರು, ಹುಬ್ಬಳ್ಳಿಗಳಲ್ಲಿ ಈ ಪ್ರಶ್ನೆಯು ವಿದ್ವಾಂಸರ ಚರ್ಚೆಗೆ ಒಂದು ವಿಷಯವಾಗಬಹುದು. ಕಾರವಾರ, ಅಂಕೋಲೆಗಳಲ್ಲಿ ಅದು ಪ್ರಾಣದ ಪ್ರಶ್ನೆಯಾಗಿದೆ. ಆದ್ದರಿಂದಲೇ ಈ ವಿಷಯವನ್ನು ನಮ್ಮ ವಾಚಕರ ಮುಂದೆ ಇಡಬೇಕೆಂದು ನಾವು ಎಣಿಸಿದೆವು.

ಮೊದಲು ಸಂಘವು ಹುಟ್ಟಿದ ಬಗೆಯನ್ನು ನೆನೆಯಬೇಕು. ಪರರ ಆಳಿಕೆಯ ಕಾಲದಲ್ಲಿ ವೈದ್ಯಕೀಯದ ದೊಡ್ಡ ಹುದ್ದೆಗಳೆಲ್ಲ ಬಹುಮಟ್ಟಿಗೆ ಇಂಡಿಯನ್ ಮೆಡಿಕಲ್ ಸರ್ವಿಸ್ ಎಂಬ ಸೈನ್ಯ ಮೂಲದ ನೌಕರಿಯವರ ಕೈಯಲ್ಲಿದ್ದವು. ಮಹಾವಿದ್ಯಾಲಯದ ಅಧ್ಯಾಪಕರು ಅವರು. ಜಿಲ್ಹೆಯ ಸಿವಿಲ್ ಸರ್ಜನರು ಅವರು. ನಮ್ಮವನು ಎಷ್ಟೇ ಜಾಣನಾದರೂ ಅವನ ಸ್ಥಾನ ಕೆಳಗೇ. ವೈದ್ಯರ ಸಂಘವೆಂದರೆ ಆಗ ಬ್ರಿಟಿಷ್ ಮೆಡಿಕಲ್ ಅಸೋಸಿಯೇಶನ್ನಿನ ಶಾಖೆಗಳೇ. ಈ ಸ್ಥಿತಿಯನ್ನು ಸಹಿಸದೆ ನಮ್ಮ ವೈದ್ಯರು 1917ರಲ್ಲಿ ಕಲಕತ್ತೆಯಲ್ಲಿ ಮೊದಲ ಅಖಿಲ ಭಾರತ ವೈದ್ಯಕೀಯ ಪರಿಷತ್ತನ್ನು ಕೂಡಿಸಿದರು. 1928ರಲ್ಲಿ ಅದೇ ಕಲಕತ್ತೆಯಲ್ಲಿ ನೆರೆದ ಐದನೆಯ ಪರಿಷತ್ತಿನಲ್ಲಿ ಅಖಿಲ ಭಾರತ ವೈದ್ಯಕೀಯ ಸಂಘವು ಜನ್ಮವೆತ್ತಿತು. 1930ರಲ್ಲಿ ಅದಕ್ಕೆ ಈಗಿನ ಹೆಸರು ಬಂದಿತು. ಅದನ್ನು ಕಟ್ಟಿದವರು ಸಾಮಾನ್ಯರಲ್ಲ. ಸರ್ ನೀಲರತನ ಸರಕಾರ, ಬಿಧಾನಚಂದ್ರ ರಾಯ, 1927ರ ಮದ್ರಾಸ ಕಾಂಗ್ರೆಸ್ಸಿನ ಅಧ್ಯಕ್ಷರಾಗಿದ್ದ ಡಾಕ್ಟರ ಅನ್ಸಾರಿ ಮೊದಲಾದವರು. ಇವರು ತಮ್ಮ ಫೀಯನ್ನು ಹೆಚ್ಚಿಸಿಕೊಳ್ಳುವದಕ್ಕಾಗಿ ಕೂಡಿದವರಲ್ಲ. ನಾಡಿ ನೋಡುವ ಕೈಯೂ ಸ್ವತಂತ್ರವಾಗಬೇಕೆಂದು ಕೂಡಿದವರು.

ಅವರ ಕಾಲದ ಒಂದು ಪ್ರಸಂಗವು ಇದನ್ನು ಸ್ಪಷ್ಟಪಡಿಸುತ್ತದೆ. 1930ರಲ್ಲಿ ಲಂಡನ್ನಿನ ಜನರಲ್ ಮೆಡಿಕಲ್ ಕೌನ್ಸಿಲು ಭಾರತದ ವಿಶ್ವವಿದ್ಯಾಲಯಗಳ ವೈದ್ಯಕೀಯ ಪದವಿಗಳಿಗೆ ಕೊಟ್ಟಿದ್ದ ಮನ್ನಣೆಯನ್ನು ಹಿಂತೆಗೆದುಕೊಂಡಿತು. ನಮ್ಮ ಪದವಿಗಳ ಯೋಗ್ಯತೆಯನ್ನು ನಾವೇ ಅಳೆದುಕೊಳ್ಳಬೇಕು, ಸಮುದ್ರದಾಚೆಯ ಪರೀಕ್ಷಕನು ಬಂದು ಅಳೆಯುವದು ಬೇಡವೆಂಬ ವಾದವು ಆಗ ಬಲವಾಗಿ ಎದ್ದಿತು. ಅದರ ಫಲವಾಗಿ 1933ರಲ್ಲಿ ಭಾರತೀಯ ವೈದ್ಯಕೀಯ ಪರಿಷತ್ತಿನ ಕಾಯಿದೆಯಾಯಿತು. ಅದು ಮುಂದೆ 1956ರ ಕಾಯಿದೆಯಾಗಿ ಮಾರ್ಪಟ್ಟು, 2020ರಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗಕ್ಕೆ ಎಡೆಮಾಡಿಕೊಟ್ಟಿತು.

ಇಲ್ಲಿ ಒಂದು ಭೇದವನ್ನು ವಾಚಕರು ಗಮನಿಸಬೇಕು. ಪರಿಷತ್ತು, ಆಯೋಗಗಳು ಕಾಯಿದೆಯಿಂದ ಹುಟ್ಟಿದವು. ಸಂಘವು ಮನಸ್ಸಿನಿಂದ ಹುಟ್ಟಿದ್ದು. ರಾಜ್ಯದ ವೈದ್ಯಕೀಯ ಪರಿಷತ್ತು ತಪ್ಪಿತಸ್ಥನ ಹೆಸರನ್ನು ರಜಿಸ್ಟರಿನಿಂದ ಕಿತ್ತುಹಾಕಬಲ್ಲದು. ಸಂಘಕ್ಕೆ ಆ ಅಧಿಕಾರವಿಲ್ಲ. ಆದರೆ ಕಾಯಿದೆಯು ಮಾಡಲಾರದ ಕೆಲಸವನ್ನು ಸಂಘವು ಮಾಡಬಲ್ಲದು. ಕಾಯಿದೆಯು ವೈದ್ಯನನ್ನು ಅಂಜಿಸಬಹುದು. ಸಮಾನಸ್ಕಂಧರ ಸಂಘವು ಅವನನ್ನು ನಾಚಿಸಬಲ್ಲದು, ಪ್ರೋತ್ಸಾಹಿಸಬಲ್ಲದು, ಅವನು ಒಂಟಿಯಾಗಿರುವ ಊರಿನಲ್ಲಿ ಅವನ ಬೆನ್ನಿಗೆ ನಿಲ್ಲಬಲ್ಲದು. ಇಂದು ಸಂಘಕ್ಕೆ 3 ಲಕ್ಷಕ್ಕೂ ಮಿಕ್ಕಿ ಸದಸ್ಯರಿರುವರು. ಕಾರವಾರದಲ್ಲಿಯೂ ಅದರ ಶಾಖೆಯಿದೆ. ಇಷ್ಟು ಜನ ವಿದ್ಯಾವಂತರು ಒಂದು ಮಾತು ಆಡಿದರೆ ಕೇಳದೆ ಇರುವ ಸರಕಾರವು ದಿಲ್ಲಿಯಲ್ಲಿಯೂ ಇಲ್ಲ, ಬೆಂಗಳೂರಿನಲ್ಲಿಯೂ ಇಲ್ಲ.

ಸಂಘವು ಒಳ್ಳೆಯ ಮಾತನ್ನು ಆಡಿದ ಉದಾಹರಣೆಗಳೂ ಉಂಟು. ಜಾಗತಿಕ ವೈದ್ಯಕೀಯ ಸಂಘದ ಸ್ಥಾಪಕ ಸದಸ್ಯರಲ್ಲಿ ಅದೂ ಒಂದು. ಆದರೂ ವರ್ಣಭೇದವನ್ನು ನಡೆಯಿಸುತ್ತಿದ್ದ ದಕ್ಷಿಣ ಆಫ್ರಿಕೆಯ ವೈದ್ಯರ ಸಂಘಕ್ಕೆ ಅಲ್ಲಿ ಮಣೆ ಹಾಕಿದ್ದನ್ನು ಪ್ರತಿಭಟಿಸಿ 1985ರಲ್ಲಿ ಹೊರಬಂದಿತು. ಆ ದೇಶದ ಗಾಳಿಯು ಬದಲಾಗುತ್ತಿದ್ದ 1993ರಲ್ಲಿ ಮತ್ತೆ ಸೇರಿತು. ಕೋವಿಡ್ ಹಾವಳಿಯ ಕಾಲದ ಸಂಗತಿಯು ಇದಕ್ಕಿಂತಲೂ ನಮಗೆ ಹತ್ತಿರದ್ದು. 2020ರ ಸಪ್ಟಂಬರದಲ್ಲಿ, ರೋಗಿಗಳ ಶುಶ್ರೂಷೆಯಲ್ಲಿ ಮಡಿದ ವೈದ್ಯರೆಷ್ಟು ಎಂದು ಲೋಕಸಭೆ, ರಾಜ್ಯಸಭೆಗಳು ಕೂಡಿದ್ದ ವೇಳೆಯಲ್ಲಿ ಪ್ರಶ್ನೆ ಬಂದಾಗ, ಅಂಥ ಲೆಕ್ಕವು ತನ್ನಲ್ಲಿಲ್ಲವೆಂದು ಕೇಂದ್ರ ಸರಕಾರವು ಹೇಳಿತು. ಕೂಡಲೆ ಸಂಘವು 382 ವೈದ್ಯರ ಯಾದಿಯನ್ನು ಹೊರಗೆಡವಿ, ಲೆಕ್ಕ ಇಲ್ಲಿದೆ ನೋಡಿರೆಂದಿತು. ಸತ್ತವರ ಹೆಸರನ್ನು ಬರೆದಿಡುವದು ಸಣ್ಣ ಕೆಲಸವಲ್ಲ. ಲೆಕ್ಕವಿಲ್ಲದ ಸಾವಿಗೆ ಕೇಳುವವರಿರುವದಿಲ್ಲ. ಈ ಮಾತನ್ನು ವಾಚಕರು ನೆನಪಿನಲ್ಲಿಟ್ಟಿರಬೇಕು. ಮುಂದೆ ನಾವು ಇದೇ ಮಾತಿಗೆ ಬರುವವರಿದ್ದೇವೆ.

ಈಗ ನಮ್ಮ ಜಿಲ್ಹೆಯ ಕಡೆಗೆ ತಿರುಗೋಣ. ಕಾರವಾರದ ಗಡಿಯಾಚೆ, ಗೋವೆಯಲ್ಲಿ, ಪೋರ್ತುಗೀಜರು 1842ರಲ್ಲಿಯೇ ವೈದ್ಯಶಾಲೆಯನ್ನು ತೆರೆದಿದ್ದರು. ಮುಂಬಯಿಯಲ್ಲಿ ಗ್ರಾಂಟ್ ಮೆಡಿಕಲ್ ಕಾಲೇಜು 1845ರಲ್ಲಿ ಆರಂಭವಾಯಿತು. 1862ರಲ್ಲಿ ಉತ್ತರ ಕನ್ನಡವು ಮದ್ರಾಸ ಇಲಾಖೆಯಿಂದ ಮುಂಬಯಿ ಇಲಾಖೆಗೆ ಸೇರಿತು. ಇಷ್ಟಾದರೂ ಕಾರವಾರಕ್ಕೆ ತನ್ನದೆಂಬ ವೈದ್ಯಕೀಯ ಮಹಾವಿದ್ಯಾಲಯವು ದೊರೆತದ್ದು 2016ರಲ್ಲಿ. ಸುಮಾರು 10 ಸಾವಿರ ಚದರ ಕಿಲೋಮೀಟರಿನ ಹರವು. 2011ರ ಜನಗಣತಿಯಂತೆ 14 ಲಕ್ಷಕ್ಕೂ ಹೆಚ್ಚು ಜನಸಂಖ್ಯೆ. ಒಂದು ಕಡೆ ಸಮುದ್ರ, ಒಂದು ಕಡೆ ಘಟ್ಟ, ನಡುವೆ ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿಗಳು. ಕೈಗಾದ ಅಣುವಿದ್ಯುತ್ತು ಇಲ್ಲಿ. ಕದಂಬ ನೌಕಾನೆಲೆ ಇಲ್ಲಿ. ದೇಶದ ರಕ್ಷಣೆಗೂ ಬೆಳಕಿಗೂ ತಮ್ಮ ಹೊಲಮನೆಗಳನ್ನು ಬಿಟ್ಟುಕೊಟ್ಟ ಜನರು ಈ ಜಿಲ್ಹೆಯವರು. ಆದರೆ ತಲೆಗೆ ಬಲವಾದ ಪೆಟ್ಟು ಬಿದ್ದರೆ, ಎದೆ ಹಿಡಿದುಕೊಂಡರೆ, ಹೆರಿಗೆಯು ಕಠಿಣವಾದರೆ, ಅವರು ಕೇಳುವ ಮೊದಲ ಪ್ರಶ್ನೆಯು ಯಾವ ವೈದ್ಯರಿದ್ದಾರೆಂಬದಲ್ಲ. ಯಾವ ದಾರಿ ತೆರೆದಿದೆ ಎಂಬದು.

ದಾರಿಗಳು ಮೂರು. ಉತ್ತರಕ್ಕೆ ಕಾಳಿಯ ಸೇತುವೆ ದಾಟಿ ಗೋವೆಗೆ. ದಕ್ಷಿಣಕ್ಕೆ ಹೆದ್ದಾರಿ ಹಿಡಿದು ಮಣಿಪಾಲ, ಮಂಗಳೂರುಗಳಿಗೆ. ಪೂರ್ವಕ್ಕೆ ಅಂಕೋಲೆಯಿಂದ ಅರಬೈಲ್ ಘಟ್ಟ ಹತ್ತಿ ಹುಬ್ಬಳ್ಳಿಗೆ. ಗೋವೆಯ ಸರಕಾರಿ ಆಸ್ಪತ್ರೆಯು 2018ರ ಜನವರಿಯಿಂದ ಹೊರನಾಡಿನವರಿಗೆ ಶುಲ್ಕವನ್ನು ಕಟ್ಟಿತು. ದಕ್ಷಿಣದ ದಾರಿಯಲ್ಲಿ 2022ರ ಜುಲೈ 20ರಂದು ಹೊನ್ನಾವರದಿಂದ ರೋಗಿಯನ್ನು ಒಯ್ಯುತ್ತಿದ್ದ ಅಂಬ್ಯುಲನ್ಸು ಬೈಂದೂರು ತಾಲೂಕಿನ ಶಿರೂರಿನ ಟೋಲ್‌ನಾಕೆಗೆ ಬಡಿದು ನಾಲ್ವರು ಮಡಿದರು. ಅದಾಗಿ ಎರಡು ವರ್ಷಕ್ಕೆ, 2024ರ ಜುಲೈ 16ರಂದು, ಅಂಕೋಲೆ ತಾಲೂಕಿನ ಇನ್ನೊಂದು ಶಿರೂರಿನಲ್ಲಿ ಗುಡ್ಡವೇ ಕುಸಿದು ಹೆದ್ದಾರಿಯ ಮೇಲೂ ಗಂಗಾವಳಿಯ ಒಳಗೂ ಬಿದ್ದಿತು. ಹಲವರು ಪ್ರಾಣ ಕಳೆದುಕೊಂಡರು. ದಾರಿಯು ಅನೇಕ ದಿನ ಮುಚ್ಚಿತು. ಮೂರು ವಾರ ತುಂಬಿತ್ತಷ್ಟೇ, ಆಗಸ್ಟ್ 7ರ ನಟ್ಟಿರುಳಿನಲ್ಲಿ ಕಾಳಿಯ ಹಳೆಯ ಸೇತುವೆಯು ಮುರಿದು ಬಿದ್ದಿತು. ಹೊಸ ಸೇತುವೆಯು ಪಕ್ಕದಲ್ಲಿರದಿದ್ದರೆ ಗೋವೆಯ ದಾರಿಯೂ ಕಡಿದುಹೋಗುತ್ತಿತ್ತು. ಎರಡು ಶಿರೂರುಗಳು, ಒಂದು ಸೇತುವೆ: ಕಾರವಾರದ ರೋಗಿಯ ಹಣೆಬರಹವನ್ನು ಓದುವದಕ್ಕೆ ಇವಿಷ್ಟೇ ಸಾಕು.

ಜನರು ಸುಮ್ಮನಿರಲಿಲ್ಲ. 2019ರ ಜೂನಿನಲ್ಲಿ ಜಿಲ್ಹೆಯ ತರುಣರು, ತಮಗೊಂದು ಸುಸಜ್ಜಿತ ತುರ್ತು ಚಿಕಿತ್ಸೆಯ ಆಸ್ಪತ್ರೆ ಬೇಕೆಂದು ಸಾಮಾಜಿಕ ಜಾಲತಾಣಗಳಲ್ಲಿ ಕೂಗೆಬ್ಬಿಸಿದರು; ಆ ಕೂಗು ನಾಡಿಗೆಲ್ಲ ಕೇಳಿಸಿತು. 2022ರ ಅಪಘಾತದ ತರುವಾಯ ಅದು ಇಮ್ಮಡಿಯಾಯಿತು. ಸರಕಾರವು ಭರವಸೆಯನ್ನೂ ಕೊಟ್ಟಿತು. ಆದರೆ ಈ ಎಲ್ಲ ಕಾಲದಲ್ಲಿ ಮುಂದೆ ನಿಂತು ಮಾತಾಡಿದವರು ವಿದ್ಯಾರ್ಥಿಗಳು, ವ್ಯಾಪಾರಸ್ಥರು, ಮೀನುಗಾರರು, ಪತ್ರಿಕೆಯವರು. ಇವರ ಮಾತಿನಲ್ಲಿ ಕಳಕಳಿಯಿತ್ತು, ಲೆಕ್ಕವಿರಲಿಲ್ಲ. ಯಾವ ರೋಗಕ್ಕೆ ತಿಂಗಳಿಗೆ ಎಷ್ಟು ಜನರು ಜಿಲ್ಹೆಯ ಹೊರಗೆ ಕಳಿಸಲ್ಪಡುವರು, ಅವರಲ್ಲಿ ದಾರಿಯಲ್ಲಿ ತೀರಿದವರೆಷ್ಟು, ಎಂಥ ತಜ್ಞನು, ಎಂಥ ಯಂತ್ರವು ಅಂಕೋಲೆಯಲ್ಲಿದ್ದರೆ ಅವರು ಬದುಕುತ್ತಿದ್ದರು, ಇದನ್ನು ಬಲ್ಲವರು ವೈದ್ಯರು ಮಾತ್ರ. ಚೀಟಿ ಬರೆದು ಮುಂದೆ ಕಳಿಸಿದ ಕೈಯೇ ಅವರದು. ತನ್ನ 382 ಸದಸ್ಯರ ಹೆಸರನ್ನು ಬರೆದಿಟ್ಟು ಸರಕಾರದ ಬಾಯಿ ಮುಚ್ಚಿಸಿದ ಸಂಘವು, ಈ ದಾರಿಯಲ್ಲಿ ಸತ್ತವರ ಲೆಕ್ಕವನ್ನೂ ಬರೆದಿಡಬಾರದೇಕೆ? ಹೆಸರು ಬೇಡ, ರೋಗಿಯ ಗುಟ್ಟು ಗುಟ್ಟಾಗಿಯೇ ಇರಲಿ. ಊರು, ರೋಗ, ಕಳಿಸಿದ ಗಂಟೆ, ಮುಟ್ಟಿದ ಗಂಟೆ, ಪರಿಣಾಮ: ಐದು ಅಂಕಣಗಳ ಒಂದು ಪುಸ್ತಕ ಸಾಕು. ವರ್ಷದ ಕೊನೆಗೆ ಅದನ್ನು ಜಿಲ್ಹಾಧಿಕಾರಿಯ ಮೇಜಿನ ಮೇಲೂ ಶಾಸಕರ ಕೈಯಲ್ಲಿಯೂ ಇಟ್ಟರೆ, ಅದು ನೂರು ಮೋರ್ಚಾಗಳಿಗಿಂತ ಹೆಚ್ಚು ಮಾತಾಡುವದು. ಸಂಘದ ಕರ್ತವ್ಯಗಳಲ್ಲಿ ಇದು ಮೊದಲನೆಯದೆಂದು ನಮ್ಮ ಅಭಿಪ್ರಾಯ.

ಎರಡನೆಯದು, ಇದ್ದ ವೈದ್ಯರನ್ನು ಒಂದು ಹೆಣಿಗೆಯಲ್ಲಿ ಕಟ್ಟುವದು. ದೊಡ್ಡ ಆಸ್ಪತ್ರೆಯು ಬರುವ ವರೆಗೆ ಎದೆನೋವು ಕಾಯುವದಿಲ್ಲ. ಮಂಗಳೂರಿನ ಹೃದ್ರೋಗ ತಜ್ಞರಾದ ಡಾಕ್ಟರ ಪದ್ಮನಾಭ ಕಾಮತರು 2018ರಲ್ಲಿ ಆರಂಭಿಸಿದ ಕಾರ್ಯವು ಇಲ್ಲಿ ಮಾದರಿಯಾಗಿದೆ. ಹಳ್ಳಿಯ ವೈದ್ಯರಿಗೂ ಆರೋಗ್ಯ ಕೇಂದ್ರಗಳಿಗೂ ಈಸೀಜಿ ಯಂತ್ರಗಳನ್ನು ಕೊಡಿಸಿ, ವಾಟ್ಸ್ಯಾಪಿನ ಮೂಲಕ ತಜ್ಞರು ಆ ಗೆರೆಗಳನ್ನು ಓದಿ ಕೂಡಲೆ ಸಲಹೆ ಕೊಡುವ ವ್ಯವಸ್ಥೆಯದು. ರೋಗಿಯನ್ನು ನೂರಾರು ಮೈಲು ಓಡಿಸುವ ಮೊದಲು, ಅವನಿಗಿರುವದು ಹೃದಯದ ರೋಗವೋ ಹೊಟ್ಟೆಯ ಉಬ್ಬರವೋ ಎಂಬದು ಅಲ್ಲಿಯೇ ತಿಳಿಯುವದು. ಹೆಪ್ಪು ಕರಗಿಸುವ ಚುಚ್ಚುಮದ್ದು ಬೇಕಾದರೆ ಹೊತ್ತು ಮೀರುವದರೊಳಗೆ ಬೀಳುವದು. ಒಬ್ಬ ಮನುಷ್ಯನ ಸಂಕಲ್ಪದಿಂದ ಇಷ್ಟಾದರೆ, ಶಾಖೆ ಶಾಖೆಗಳಿರುವ ಸಂಘದಿಂದ ಎಷ್ಟಾಗಲಿಕ್ಕಿಲ್ಲ! ಕಾರವಾರ, ಕುಮಟೆ, ಶಿರಸಿಗಳಲ್ಲಿರುವ ತಜ್ಞರು, ಸರಕಾರಿಯವರೂ ಖಾಸಗಿಯವರೂ ಕೂಡಿ, ಇಂದು ರಾತ್ರಿ ಮೂಳೆಯ ತಜ್ಞ ಯಾರು, ಅರಿವಳಿಕೆ ಕೊಡುವವರು ಯಾರು, ಮಕ್ಕಳ ವೈದ್ಯರು ಯಾರು ಎಂಬ ಪಾಳಿಯ ಪಟ್ಟಿಯನ್ನು ಮಾಡಿ, ಪ್ರತಿ ತಾಲೂಕು ದವಾಖಾನೆಗೂ ಅಂಬ್ಯುಲನ್ಸಿನವರಿಗೂ ಕೊಟ್ಟರೆ, ಅರ್ಧ ಅಲೆದಾಟವು ತಪ್ಪುವದು. ಸಂಘದ್ದೇ ಆದ, ಪ್ರತಿ ಶಾಖೆಯೂ ಒಂದು ಹಳ್ಳಿಯನ್ನು ವಹಿಸಿಕೊಳ್ಳಬೇಕೆಂಬ ‘ಆವೋ ಗಾಂವ್ ಚಲೇಂ’ ಎಂಬ ಯೋಜನೆಯುಂಟು. ಹೆಸರು ಹಿಂದಿಯದಾದರೂ ಗಂಗಾವಳಿಯ ದಡದ ಹಳ್ಳಿಗಳಿಗೆ ಅದರ ಅರ್ಥವಾಗದೆ ಇರದು. ವೈದ್ಯರು ನಡೆದು ಬಂದರೆ ಸಾಕು.

ಇದಕ್ಕೆ ಸೇರಿದ್ದೇ ಮಳೆಗಾಲದ ಸಿದ್ಧತೆ. ಗುಡ್ಡ ಕುಸಿಯುವದು ಇನ್ನು ನಮಗೆ ಅನಿರೀಕ್ಷಿತವಲ್ಲ. ದಿನ ತುಂಬಿದ ಗರ್ಭಿಣಿಯರು, ವಾರಕ್ಕೆ ಎರಡು ಮೂರು ಬಾರಿ ರಕ್ತಶುದ್ಧಿಗೆ ಹೋಗಬೇಕಾದ ಮೂತ್ರಪಿಂಡದ ರೋಗಿಗಳು, ಇನ್ಸುಲಿನ್ ಇಲ್ಲದೆ ಬದುಕಲಾರದವರು, ಇವರ ಯಾದಿಯು ಮೇ ತಿಂಗಳಿನಲ್ಲಿಯೇ ಹಳ್ಳಿವಾರು ಸಿದ್ಧವಾಗಬೇಕು. ಹಾವಿನ ಕಡಿತದ ಔಷಧವು ದಾರಿ ಕಡಿಯಬಹುದಾದ ಸ್ಥಳದ ಎರಡೂ ಬದಿಗೆ ಇರಬೇಕು. 2020ರಲ್ಲಿ ಭಟ್ಕಳದ ಕೋವಿಡ್ ರೋಗಿಗಳಿಗೆ ಕಾರವಾರದ ನೌಕಾದಳದ ಆಸ್ಪತ್ರೆಯು ಬಾಗಿಲು ತೆರೆದದ್ದನ್ನು ಜಿಲ್ಹೆಯು ಮರೆತಿಲ್ಲ. ಆಪತ್ತಿನಲ್ಲಿ ಸರಕಾರಿ, ಖಾಸಗಿ, ಸೈನ್ಯ ಎಂಬ ಗೋಡೆಗಳು ಬೀಳುತ್ತವೆಂಬದಕ್ಕೆ ಅದೇ ಸಾಕ್ಷಿ. ಬೀಳಿಸುವ ಮಾತನ್ನು ಮೊದಲೇ ಆಡಿಟ್ಟಿರಬೇಕು, ಅಷ್ಟೇ.

ಮೂರನೆಯ ಮಾತು ಕಟುವಾದದ್ದು, ಆದರೂ ಹೇಳಲೇಬೇಕು. ಅದು ಮುಷ್ಕರದ ಮಾತು. ಖಾಸಗಿ ದವಾಖಾನೆಗಳ ದರ, ದೂರುಗಳ ಕುರಿತಾದ ಕಾಯಿದೆಯ ತಿದ್ದುಪಡಿಯನ್ನು ವಿರೋಧಿಸಿ 2017ರ ನವೆಂಬರದಲ್ಲಿ ನಮ್ಮ ರಾಜ್ಯದ ಖಾಸಗಿ ವೈದ್ಯರು ಹೊರರೋಗಿಗಳ ವಿಭಾಗಗಳನ್ನು ದಿನಗಟ್ಟಲೆ ಮುಚ್ಚಿದರು. ಕೊನೆಗೆ ಮಾತುಕತೆಯಾಗಿ, ಕೆಲವು ಕಟುವಾದ ಕಲಮುಗಳು ಸಡಿಲಾಗಿ, ವಿಧೇಯಕವು ಅಂಗೀಕೃತವಾಯಿತು. ವೈದ್ಯರ ವಾದದಲ್ಲಿ ಹುರುಳಿರಲಿಲ್ಲವೆಂದು ನಾವು ಹೇಳುವದಿಲ್ಲ. ಸರಕಾರವು ತನ್ನ ದವಾಖಾನೆಗಳನ್ನು ಸರಿಪಡಿಸದೆ ಇತರರ ಮೇಲೆ ಕೋಲೆತ್ತುವದು ಸರಿಯಲ್ಲ. ಆದರೆ ಬೆಂಗಳೂರಿನಲ್ಲಿ ಒಂದು ಬಾಗಿಲು ಮುಚ್ಚಿದರೆ ಇನ್ನೊಂದು ಬಾಗಿಲು ಇರುವದು. ಅಂಕೋಲೆಯಲ್ಲಿ ಬಾಗಿಲುಗಳನ್ನು ಬೆರಳು ಮಡಿಸಿ ಎಣಿಸಬಹುದು.

ಅಂಕೋಲೆಯ ಹೆಸರು ಬಂದ ಮೇಲೆ 1930ರ ನೆನಪು ಬಾರದಿರದು. ಆ ವರ್ಷದ ಏಪ್ರಿಲ್ 13ರಂದು ಎಂ. ಪಿ. ನಾಡಕರ್ಣಿಯವರ ಮುಂದಾಳುತನದಲ್ಲಿ ಅಲ್ಲಿ ಉಪ್ಪಿನ ಕಾಯಿದೆಯ ಭಂಗವಾಯಿತು. ಅದರ ಹಿಂದೆಯೇ ಕರನಿರಾಕರಣೆಯು ನಡೆಯಿತು. ಅಂಕೋಲೆಗೆ ಕರ್ನಾಟಕದ ಬಾರ್ಡೋಲಿಯೆಂಬ ಹೆಸರು ಬಂದಿತು. ರೈತರ ಹೊಲಗಳು ಜಪ್ತಿಯಾದವು, ಮನೆಯ ಪಾತ್ರೆಪಡಗಗಳು ಹರಾಜಿಗೆ ಹೋದವು. ಅದೂ ಒಂದು ಅಸಹಕಾರವೇ. ಆದರೆ ಅದರ ನೋವನ್ನು ಉಂಡವರು ಅಸಹಕಾರ ಹೂಡಿದವರೇ. ವೈದ್ಯರು ಬಾಗಿಲು ಮುಚ್ಚಿದಾಗ ನೋವನ್ನು ಉಣ್ಣುವವನು, ಜಗಳಕ್ಕೆ ಸಂಬಂಧವೇ ಇಲ್ಲದ ಮೂರನೆಯವನು. ಸತ್ಯಾಗ್ರಹಕ್ಕೂ ಮುಷ್ಕರಕ್ಕೂ ಇರುವ ಈ ಅಂತರವನ್ನು ಅಂಕೋಲೆಯ ಜನರಿಗೆ ಯಾರೂ ಕಲಿಸಬೇಕಾಗಿಲ್ಲ. ಅವರ ಅಜ್ಜಂದಿರು ಅದನ್ನು ಬಾಳಿ ತೋರಿಸಿದ್ದಾರೆ.

ಹಾಗಾದರೆ ವೈದ್ಯರಿಗೆ ಪ್ರತಿಭಟನೆಯ ಹಕ್ಕೇ ಇಲ್ಲವೇ? ಉಂಟು. 2024ರ ಆಗಸ್ಟಿನಲ್ಲಿ ಕಲಕತ್ತೆಯ ಆಸ್ಪತ್ರೆಯೊಂದರಲ್ಲಿ ಕರ್ತವ್ಯದ ಮೇಲಿದ್ದ ತರುಣ ವೈದ್ಯೆಯ ಮೇಲೆ ಅತ್ಯಾಚಾರ, ಕೊಲೆಗಳಾದಾಗ, ಸಂಘವು ಆಗಸ್ಟ್ 17ರಂದು ದೇಶಾದ್ಯಂತ 24 ಗಂಟೆಗಳ ಪ್ರತಿಭಟನೆಗೆ ಕರೆ ಕೊಟ್ಟಿತು. ತುರ್ತು ಸೇವೆಯನ್ನು ನಿಲ್ಲಿಸಬಾರದೆಂದೂ ಹೇಳಿತು. ಆ ದಿನ ವೈದ್ಯರೊಡನೆ ಜನರ ಮನಸ್ಸೂ ಇತ್ತು. ಇದೇ ಸರಿಯಾದ ಮೇರೆ. ತುರ್ತು ಚಿಕಿತ್ಸೆ, ಹೆರಿಗೆ, ರಕ್ತಶುದ್ಧಿ ಇವು ಯಾವ ಕಾರಣಕ್ಕೂ ಮುಚ್ಚಲಾರವೆಂದು ಪ್ರತಿ ಜಿಲ್ಹಾ ಶಾಖೆಯೂ ಬರೆದು ಸಾರಿದರೆ, ಅದರ ಮಿಕ್ಕ ಮಾತಿಗೆ ಬೆಲೆಯು ತಾನಾಗಿಯೇ ಬರುವದು.

ನಾಲ್ಕನೆಯದು, ತನ್ನವರ ತಪ್ಪನ್ನು ತಾನೇ ತೂಗುವದು. 1995ರ ನವೆಂಬರ 13ರಂದು ಸುಪ್ರೀಮ್ ಕೋರ್ಟು ಕೊಟ್ಟ ಒಂದು ತೀರ್ಪಿನ ಹೆಸರೇ ‘ಭಾರತೀಯ ವೈದ್ಯಕೀಯ ಸಂಘ ವಿರುದ್ಧ ವಿ. ಪಿ. ಶಾಂತಾ’ ಎಂದಿದೆ. ವೈದ್ಯರ ಸೇವೆಯು ಗ್ರಾಹಕ ಕಾಯಿದೆಗೆ ಒಳಪಡಬಾರದೆಂದು ಸಂಘವು ವಾದಿಸಿತು. ಹಣ ಪಡೆದು ಕೊಡುವ ಚಿಕಿತ್ಸೆಯು ಅದಕ್ಕೆ ಒಳಪಡುವದೆಂದು ಕೋರ್ಟು ನಿರ್ಣಯಿಸಿತು. ಅದೇ ಕೋರ್ಟು 2005ರಲ್ಲಿ ಜೇಕಬ್ ಮ್ಯಾಥ್ಯೂ ಮೊಕದ್ದಮೆಯಲ್ಲಿ, ಘೋರವಾದ ಅಲಕ್ಷ್ಯವಿದ್ದ ಹೊರತು, ಬೇರೆ ವೈದ್ಯರ ನಿಷ್ಪಕ್ಷಪಾತ ಅಭಿಪ್ರಾಯವಿದ್ದ ಹೊರತು, ವೈದ್ಯರ ಮೇಲೆ ಫೌಜದಾರಿ ಮೊಕದ್ದಮೆ ಹೂಡಬಾರದೆಂದು ಅವರ ರಕ್ಷಣೆಗೂ ನಿಂತಿತು. ಅಂದರೆ ನ್ಯಾಯಾಸನವು ಎರಡು ಪಕ್ಷಗಳನ್ನೂ ತೂಗಿದೆ. ಆದರೆ ಕೋರ್ಟಿನ ಮೆಟ್ಟಿಲು ಹತ್ತುವದು ಮೀನು ಹಿಡಿದು ಬದುಕುವವನಿಗೆ ಸುಲಭವೇ? ಅವನ ಮನೆಯಲ್ಲಿ ಸಾವಾದಾಗ ಅವನಿಗೆ ಬೇಕಾದದ್ದು ಪರಿಹಾರದ ಹಣಕ್ಕಿಂತ ಮೊದಲು ಒಂದು ಉತ್ತರ: ಏನಾಯಿತು? ಏಕಾಯಿತು? ಈ ಉತ್ತರವು ಸಿಗದ ಕಡೆಯಲ್ಲಿಯೇ ಜನರು ದವಾಖಾನೆಯ ಗೇಟಿನ ಮುಂದೆ ನೆರೆಯುವರು, ಗಾಜು ಒಡೆಯುವರು. ವೈದ್ಯರು ಅಂಜಿ, ಕಠಿಣವಾದ ರೋಗಿಯನ್ನು ಮುಟ್ಟದೆ ಮುಂದಿನ ಊರಿಗೆ ಕಳಿಸುವರು. ಮತ್ತೆ ಅದೇ ದಾರಿ, ಅದೇ ಅಂಬ್ಯುಲನ್ಸು.

ಇದಕ್ಕೆ ಸಂಘವು ಒಂದು ಉಪಾಯವನ್ನು ಮಾಡಬಹುದು. ಬೇರೆ ತಾಲೂಕಿನ ಇಬ್ಬರು ವೈದ್ಯರು, ಒಬ್ಬ ಹಿರಿಯ ದಾದಿ, ಒಬ್ಬ ನಿವೃತ್ತ ನ್ಯಾಯಾಧೀಶರು ಕೂಡಿ, ಸಂಶಯದ ಪ್ರತಿಯೊಂದು ಸಾವನ್ನೂ ಪರಿಶೀಲಿಸಿ, 30 ದಿನಗಳೊಳಗಾಗಿ ಮನೆಯವರಿಗೆ ತಿಳಿಯುವ ಕನ್ನಡದಲ್ಲಿ ಒಂದು ಬರಹವನ್ನು ಕೊಡಲಿ. ಕಾರವಾರದಲ್ಲಿ ಬೇಕಾದರೆ ಕೊಂಕಣಿಯಲ್ಲಿ ಓದಿ ಹೇಳಲಿ. ತಪ್ಪಿಲ್ಲದ ವೈದ್ಯನಿಗೆ ಇದಕ್ಕಿಂತ ದೊಡ್ಡ ಕವಚವಿಲ್ಲ. ತಪ್ಪಿದ್ದವನಿಗೆ ಇದಕ್ಕಿಂತ ದೊಡ್ಡ ಪಾಠವಿಲ್ಲ. ತನ್ನವರೆಂಬ ಮಮತೆಯಿಂದ ಎಲ್ಲರನ್ನೂ ಮುಚ್ಚುವ ಸಂಘವು ಒಳ್ಳೆಯವರನ್ನೂ ಕಾಯಲಾರದು. 2008ರಲ್ಲಿ ಒಂದು ಪಾನೀಯದ ಕಂಪನಿಯ ಹಣ್ಣಿನ ರಸ, ಓಟ್ಸುಗಳಿಗೆ ಸಂಘವು ತನ್ನ ಮುದ್ರೆಯನ್ನು ಒತ್ತಿ, ಮುಂದೆ ವೈದ್ಯಕೀಯ ಪರಿಷತ್ತಿನ ಕ್ರಮಕ್ಕೆ ಗುರಿಯಾದದ್ದು ಗೊತ್ತಿದ್ದ ಸಂಗತಿ. 2024ರ ಏಪ್ರಿಲಿನಲ್ಲಿ, ದಾರಿ ತಪ್ಪಿಸುವ ಔಷಧದ ಜಾಹೀರಾತುಗಳ ವಿರುದ್ಧ ಸಂಘವೇ ಹೂಡಿದ್ದ ಮೊಕದ್ದಮೆಯಲ್ಲಿ ಸುಪ್ರೀಮ್ ಕೋರ್ಟು, ಇತರರತ್ತ ಬೆರಳು ತೋರಿಸುವ ಸಂಘವು ತುಟ್ಟಿಯಾದ, ಅನಾವಶ್ಯಕವಾದ ಔಷಧಗಳನ್ನು ಬರೆಯುವ ತನ್ನವರನ್ನೂ ನೋಡಿಕೊಳ್ಳಬೇಕೆಂಬ ಅರ್ಥದ ಮಾತನ್ನಾಡಿತು. ಮೊಕದ್ದಮೆಯು ಸರಿಯಾದದ್ದೇ. ಕೋರ್ಟಿನ ಮಾತೂ ಸರಿಯಾದದ್ದೇ.

ನಾಟಿ ವೈದ್ಯರ ಸಂಗತಿಯನ್ನೂ ಇಲ್ಲಿ ಹೇಳಬೇಕು. ಅಂಕೋಲೆಯ ಬೆಳಂಬಾರದಲ್ಲಿ ಹಾಲಕ್ಕಿ ಗೌಡರು ಪಾರ್ಶ್ವವಾಯುವಿಗೆ ಕೊಡುವ ಔಷಧಕ್ಕಾಗಿ ದೂರದೂರದ ಜನರು ಬರುವದು ಎಲ್ಲರಿಗೂ ತಿಳಿದದ್ದೇ. ಆಯುರ್ವೇದದ ಸ್ನಾತಕೋತ್ತರ ಪದವೀಧರರು 58 ಬಗೆಯ ಶಸ್ತ್ರಕ್ರಿಯೆಗಳನ್ನು ಕಲಿತು ಮಾಡಬಹುದೆಂದು 2020ರಲ್ಲಿ ಪ್ರಕಟನೆಯಾದಾಗ ಸಂಘವು ಡಿಸೆಂಬರ 11ರಂದು ದೇಶಾದ್ಯಂತ ಪ್ರತಿಭಟಿಸಿತು. ತರಬೇತಿಯಿಲ್ಲದ ಕೈಯಲ್ಲಿ ಕತ್ತಿ ಬೇಡವೆಂಬ ಕಾಳಜಿಯನ್ನು ನಾವು ಒಪ್ಪುವೆವು. ಪಾರ್ಶ್ವವಾಯುವಿನ ಮೊದಲ ಕೆಲವು ಗಂಟೆಗಳು ಎಷ್ಟು ಬೆಲೆಯುಳ್ಳವೆಂಬದನ್ನೂ, ಆ ಹೊತ್ತಿನಲ್ಲಿ ಮೆದುಳಿನ ಚಿತ್ರ ತೆಗೆಯಿಸಿ ತಕ್ಕ ಚಿಕಿತ್ಸೆ ಕೊಡಬೇಕೆಂಬದನ್ನೂ ಬಲ್ಲೆವು. ಆದರೆ ಹಳ್ಳಿಯವನು ಗೌಡರ ಅಂಗಳಕ್ಕೆ ಹೋಗುವದು ಕೇವಲ ಅಜ್ಞಾನದಿಂದಲ್ಲ. ಅಲ್ಲಿ ಅವನನ್ನು ಕೂರಿಸಿ ಮಾತಾಡಿಸುವರು, ಅಲ್ಲಿ ಅವನ ಭಾಷೆಯಿದೆ. ಸಂಘದವರು ಆ ಅಂಗಳವನ್ನು ಹಳಿಯುವದರ ಬದಲು, ಮುಖ ಸೊಟ್ಟಗಾದ, ಕೈ ಸೋತ ರೋಗಿಯನ್ನು ಮೊದಲು ದವಾಖಾನೆಗೆ ಕಳಿಸಿರೆಂದು ಆ ಹಿರಿಯರನ್ನೇ ಕೇಳಿಕೊಂಡರೆ ಎಷ್ಟೋ ಜೀವಗಳು ಉಳಿದಾವು. ಜನರ ನಂಬಿಗೆಯನ್ನು ಗಳಿಸಿದವನೊಡನೆ ಜಗಳವಾಡಿ ಜನರ ನಂಬಿಗೆಯನ್ನು ಗಳಿಸುವದಾಗದು.

ಇಷ್ಟೆಲ್ಲವನ್ನೂ ವೈದ್ಯರಿಂದಲೇ ಬೇಡಿ, ಸರಕಾರವನ್ನೂ ಮಹಾಜನರನ್ನೂ ಬಿಟ್ಟುಬಿಡುವದು ನ್ಯಾಯವಲ್ಲ. ವೈದ್ಯರ ಮೇಲಿನ ಹಲ್ಲೆಯನ್ನು ತಡೆಯಲು ರಾಜ್ಯದಲ್ಲಿ 2009ರಿಂದ ಕಾಯಿದೆಯಿದೆ. ಅದನ್ನು ಕಪಾಟಿನಲ್ಲಿಟ್ಟು ಪೂಜಿಸುವದರಿಂದ ಫಲವಿಲ್ಲ. ವೈದ್ಯಕೀಯ ಪದವಿ ಪಡೆದವರು ಒಂದು ವರ್ಷ ಕಡ್ಡಾಯವಾಗಿ ಸರಕಾರಿ ಸೇವೆ ಮಾಡಬೇಕೆಂದು 2012ರ ಕಾಯಿದೆಯು ಮೊದಲು ವಿಧಿಸಿತ್ತು. ಆದರೆ ಸೋರುವ ವಸತಿಗೃಹ, ಔಷಧವಿಲ್ಲದ ಕಪಾಟು, ಜತೆಗೆ ಕೆಲಸ ಮಾಡುವ ದಾದಿಯಿಲ್ಲದ ಕೋಣೆ, ಇವುಗಳ ನಡುವೆ 24 ವರ್ಷದ ಹುಡುಗಿಯೊಬ್ಬಳನ್ನು ನಿಲ್ಲಿಸಿ ಸೇವೆಯ ಉಪದೇಶ ಮಾಡುವದು ಕ್ರೌರ್ಯ. 1946ರ ಭೋರ್ ಸಮಿತಿಯ ವರದಿಯು, ಆಗಿನ ಬ್ರಿಟಿಷ್ ಇಂಡಿಯದಲ್ಲಿ ಸುಮಾರು 6,300 ಜನರಿಗೆ ಒಬ್ಬ ವೈದ್ಯನೆಂದು ಲೆಕ್ಕ ಹಾಕಿತ್ತು. ಇಂದು ವೈದ್ಯರ ಸಂಖ್ಯೆಯು ಎಷ್ಟೋ ಪಟ್ಟು ಬೆಳೆದಿದೆ. ಆದರೆ ಅವರು ಪಟ್ಟಣದಲ್ಲಿ ನೆರೆದು ಹಳ್ಳಿಯಲ್ಲಿ ಬರಿದಾಗುವ ಆಗಿನ ರೋಗವು ವಾಸಿಯಾಗಿಲ್ಲ. ಕಾರವಾರದ ಮಹಾವಿದ್ಯಾಲಯದಲ್ಲಿ ಕಲಿತವರಲ್ಲಿ ಕೆಲವರಾದರೂ ಜಿಲ್ಹೆಯಲ್ಲಿ ನಿಲ್ಲುವಂತೆ ವಸತಿ, ಸಂಬಳ, ಮಕ್ಕಳ ಶಾಲೆ, ಇವುಗಳ ಏರ್ಪಾಡಾಗಬೇಕು. ಈ ಮಾತನ್ನು ಸರಕಾರಕ್ಕೆ ಅಧಿಕಾರವಾಣಿಯಿಂದ ಹೇಳಬಲ್ಲದ್ದೂ ಸಂಘವೇ.

ಮಹಾಜನರ ಪಾಲೂ ಸಣ್ಣದಲ್ಲ. ಅಂಕೋಲೆ ತಾಲೂಕಿನವರೇ ಆದ ದಿನಕರ ದೇಸಾಯಿಯವರು 1953ರಲ್ಲಿ ಕೆನರಾ ವೆಲ್‌ಫೇರ್ ಟ್ರಸ್ಟನ್ನು ಕಟ್ಟಿ, ಬಡವರ ಮಕ್ಕಳಿಗೆ ಶಾಲೆಗಳ ಬಾಗಿಲು ತೆರೆದರು. 1966ರಲ್ಲಿ ಅಂಕೋಲೆಗೆ ಗೋಖಲೆ ಶತಾಬ್ದಿ ಕಾಲೇಜು ಬಂದಿತು. ಸರಕಾರವು ಕೊಡುವ ವರೆಗೆ ಕಾದು ಕುಳಿತಿದ್ದರೆ ಅವು ಯಾವವೂ ಆಗುತ್ತಿರಲಿಲ್ಲ. ವಿದ್ಯೆಗಾಗಿ ಅಷ್ಟು ಮಾಡಿದ ನಾಡು ಆರೋಗ್ಯಕ್ಕಾಗಿ ವೈದ್ಯರೊಡನೆ ಕೈಗೂಡಿಸಲಾರದೆಂದು ನಾವು ನಂಬುವದಿಲ್ಲ. ಅದಕ್ಕೆ ವೈದ್ಯರು ಮೊದಲು ಕೈ ಚಾಚಬೇಕು. ಏಕೆಂದರೆ ಏನು ಬೇಕೆಂಬದನ್ನು ಅವರೇ ಬಲ್ಲರು.

ಪರರ ಮನ್ನಣೆಯನ್ನು ಕಾಯದೆ ತನ್ನ ಯೋಗ್ಯತೆಯನ್ನು ತಾನೇ ಅಳೆದುಕೊಳ್ಳುವೆನೆಂದು ನಮ್ಮ ವೈದ್ಯ ಸಮುದಾಯವು 1930ರ ಸುಮಾರಿನಲ್ಲಿ ಹೇಳಿತು. ಆ ಮಾತು ಇಂದಿಗೂ ಅದರ ಮೇಲೆ ಋಣವಾಗಿ ಉಳಿದಿದೆ. ಅಳೆಯುವ ಕೋಲು ಮಾತ್ರ ಲಂಡನ್ನಿನದೂ ಅಲ್ಲ, ದಿಲ್ಲಿಯದೂ ಅಲ್ಲ. ಮಳೆ ಸುರಿಯುವ ರಾತ್ರಿಯಲ್ಲಿ, ಒಂದು ಕಡೆ ಗುಡ್ಡ ಬಿದ್ದು, ಒಂದು ಕಡೆ ಹೊಳೆ ಉಕ್ಕಿ, ಗಂಗಾವಳಿಯ ದಡದ ಮನೆಯೊಂದರಲ್ಲಿ ನೋವೆದ್ದ ಬಾಣಂತಿಗೆ ಯಾರನ್ನು ಕರೆಯಬೇಕೆಂಬದು ತಿಳಿದಿದೆಯೇ, ಕರೆದರೆ ಅವರು ಬರುವರೇ, ಎಂಬ ಎರಡು ಪ್ರಶ್ನೆಗಳೇ ಆ ಕೋಲು. ಕಾರವಾರದ ವೈದ್ಯರ ಸಂಘವು ಬರುವ ಮಳೆಗಾಲದೊಳಗೆ ಪಾಳಿಯ ಒಂದು ಪಟ್ಟಿಯನ್ನೂ ಲೆಕ್ಕದ ಒಂದು ಪುಸ್ತಕವನ್ನೂ ಸಿದ್ಧಪಡಿಸಲಿ. ಉಳಿದದ್ದನ್ನು ಕೇಳಿ ಪಡೆಯುವ ಹೊಣೆಯಲ್ಲಿ ನಾವೂ ನಮ್ಮ ವಾಚಕರೂ ಅದರ ಜತೆಗೆ ನಿಲ್ಲುವೆವು.